ಕಡಲ ಕರೆಯಲ್ಲಿ ತಿರುಗುವ ವ್ಯಾನಿಗೆ ಯಾವ ಫ್ರಿಜ್ ಕೊಳ್ಳಬೇಕು?

ಅಂಗಡಿಗೆ ಹೋದರೆ ಮೊದಲು ಕೇಳುವುದು ಎಷ್ಟು ಲೀಟರಿನದು ಬೇಕು ಎಂದು. ಮಂಜೇಶ್ವರ, ಕಾಸರಗೋಡು ಕಡೆಯ ಹವೆಯಲ್ಲಿ ವ್ಯಾನಿನೊಳಗೆ ದಿನ ಕಳೆಯುವವರು ಅದಕ್ಕೂ ಮೊದಲು ಮೂರು ಸಂಗತಿ ತಿಳಿದುಕೊಳ್ಳಬೇಕು. ಈ ಪೆಟ್ಟಿಗೆ ದಿನಕ್ಕೆ ಎಷ್ಟು ವಿದ್ಯುತ್ ತಿನ್ನುತ್ತದೆ? ಹೊರಗೆ 35 ಡಿಗ್ರಿ ಇದ್ದಾಗ ಒಳಗೆ 4 ಡಿಗ್ರಿ ಉಳಿಸಿಕೊಳ್ಳುತ್ತದೆಯೇ? ಕೆಟ್ಟರೆ ಅದಕ್ಕೆ ಕೈ ಹಾಕುವವರು ಹತ್ತಿರದಲ್ಲಿ ಇದ್ದಾರೆಯೇ? ಇವಕ್ಕೆ ಉತ್ತರ ಸಿಕ್ಕಿದರೆ ಲೀಟರಿನ ಪ್ರಶ್ನೆ ಅರ್ಧ ಬಗೆಹರಿದಂತೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಮುಂದಿನ ಲೆಕ್ಕ ನೋಡಿ ಜಗಳಕ್ಕೆ ಬರಬಹುದು. ನಮ್ಮ ಕರಾವಳಿಯ ಸಣ್ಣ ವ್ಯಾನಿಗೆ ಎರಡೇ ಸರಿಯಾದ ಆಯ್ಕೆಗಳಿವೆ: ದಪ್ಪ ಗೋಡೆಯ ಐಸ್ ಪೆಟ್ಟಿಗೆ, ಇಲ್ಲವೇ ಮನೆಯ ಫ್ರಿಜ್ಜಿನಂತೆ ಗ್ಯಾಸನ್ನು ಒತ್ತಿ ತಂಪು ಹುಟ್ಟಿಸುವ, ಬ್ಯಾಟರಿಯಿಂದ ಓಡುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಇವೆರಡರ ನಡುವಿನ ಬೆಲೆಗೆ ಸಿಗುವ ಬಹುತೇಕ ಸರಕು ಕೊಳ್ಳುವಾಗ ಅಗ್ಗ, ಬ್ಯಾಟರಿ ಕೂರಿಸುವಾಗ ದುಬಾರಿ.

ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ತಂದ ಮೇಲೆ ರಸ್ತೆಯಲ್ಲಿ ಕಾಣಿಸುವ ದೊಡ್ಡ ಕ್ಯಾರವಾನ್‌ಗಳ ಮಾತು ಇಲ್ಲಿಲ್ಲ. ಅವುಗಳಲ್ಲಿ ಫ್ರಿಜ್ ಕಟ್ಟುವಾಗಲೇ ಕೂತಿರುತ್ತದೆ. ನಾನು ಬರೆಯುತ್ತಿರುವುದು ಓಮ್ನಿ, ಈಕೋ, ಟ್ರಾವೆಲರ್ ಇಟ್ಟುಕೊಂಡು ಅದರಲ್ಲೇ ಉಂಡು ಮಲಗುವ ದಂಪತಿಗಳಿಗೆ, ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿ ಆಟ, ಹಗಲು ಪ್ರಯಾಣ ಎಂದು ಬದುಕುವ ಯಕ್ಷಗಾನ ಮೇಳದವರಿಗೆ, ಮದುವೆ ಉಪನಯನಗಳಿಗೆ ಪಾತ್ರೆ ಪಡಗ ತುಂಬಿಕೊಂಡು ಊರೂರು ಸುತ್ತುವ ಅಡುಗೆಯವರಿಗೆ.

ಫ್ರಿಜ್ಜಿಗೆ ಹೋಗಲೇಬೇಕಾದದ್ದು ಯಾವುದು

ನಮ್ಮ ಅಡುಗೆಮನೆ ಫ್ರಿಜ್ ಬರುವುದಕ್ಕೆ ಮೊದಲೇ ಮಳೆಗಾಲವನ್ನು ದಾಟಲು ಕಲಿತದ್ದು. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಮಾವಿನ ಮಿಡಿ, ಹಪ್ಪಳ, ಬಾಳಕ, ಒಣಮೀನು, ಬಾಳೆಹಗ್ಗದಲ್ಲಿ ಕಟ್ಟಿ ತೂಗಿಸಿದ ಸೌತೆಕಾಯಿ, ಚೀನಿಕಾಯಿ, ಇವು ಯಾವುದಕ್ಕೂ ತಂಪು ಬೇಡ. ಒಡೆಯದ ತೆಂಗಿನಕಾಯಿಗೂ ಬೇಡ. ಮೊಟ್ಟೆ ವಾರವಿಡೀ ಹೊರಗೆ ಇರಬಲ್ಲದು, ಬಿಸಿಲು ಮತ್ತು ತೇವ ತಾಗದಿದ್ದರೆ ಸಾಕು.

ತಂಪು ನಿಜವಾಗಿ ಬೇಕಾದದ್ದು ಹಾಲು, ಮೊಸರು, ಒಡೆದ ತೆಂಗಿನಕಾಯಿ, ರುಬ್ಬಿದ ಹಿಟ್ಟು, ಮೀನು, ಮಾಂಸ ಮತ್ತು ಕೆಲವರ ಮನೆಯಲ್ಲಿ ಇನ್ಸುಲಿನ್. ಉದ್ದಿನ ಹಿಟ್ಟು ಬೆಳಗ್ಗೆ ಹದವಾಗಿ ಹುದುಗಿದ್ದರೆ ಸಂಜೆಗೆ ಹುಳಿ ನಾತ ಹೊಡೆಯುತ್ತದೆ. ಇನ್ಸುಲಿನ್ ವಿಷಯದಲ್ಲಿ ಅಳತೆ ಇನ್ನೂ ಬಿಗಿ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಆದ್ದರಿಂದ ಅದನ್ನು ಐಸಿಗೆ ತಾಗಿಸಿಯೂ ಇಡಬಾರದು, ಫ್ರಿಜ್ಜಿನ ತಣ್ಣನೆಯ ಗೋಡೆಗೆ ಒತ್ತಿಯೂ ಇಡಬಾರದು.

ಮೀನಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಂಗುಡೆ, ಬೂತಾಯಿಯಂತಹ ಮೀನುಗಳನ್ನು ಸೆಕೆಯಲ್ಲಿ ಬಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಖಾರ ಹಾಕಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗುವುದು, ತಲೆನೋವು, ಮೈ ತುರಿಕೆ, ಹೊಟ್ಟೆ ತೊಳಸುವುದು ಅದರ ಲಕ್ಷಣಗಳು. ಆದ್ದರಿಂದ ಮೀನು ತಿನ್ನುವವರಿಗೆ 15 ಡಿಗ್ರಿಯ ಅರೆತಂಪು ಪೆಟ್ಟಿಗೆಯಿಂದ ಪ್ರಯೋಜನವಿಲ್ಲ. ಮೀನಿಗೆ ಬೇಕಾದದ್ದು 0 ಡಿಗ್ರಿಯ ಆಸುಪಾಸು, ಎಂದರೆ ಐಸಿನ ನಡುವೆ.

ಐಸ್ ಪೆಟ್ಟಿಗೆ: ಬಂದರು ಹತ್ತಿರ ಇರುವವರ ಭಾಗ್ಯ

ಎಂ-80 ಗಾಡಿಯ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹಾಕುತ್ತ ಬರುತ್ತಿದ್ದ ಮೀನಿನವರು ಬ್ಯಾಟರಿಯಿಲ್ಲದೆ, ಬಿಲ್ಲಿಲ್ಲದೆ ತಂಪನ್ನು ಮನೆ ಬಾಗಿಲಿಗೆ ತಂದವರು. ಅದೇ ವಿದ್ಯೆ ವ್ಯಾನಿಗೂ ಸಲ್ಲುತ್ತದೆ.

ಲೆಕ್ಕ ಹೀಗಿದೆ. 1 ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಶಾಖವನ್ನು ಹೀರುತ್ತದೆ. ಕರೆಂಟು ಬಿಲ್ಲಿನ ಭಾಷೆಗೆ ತಂದರೆ 10 ಕಿಲೋ ಐಸು ಎಂದರೆ ಹತ್ತಿರ ಹತ್ತಿರ 1 ಯೂನಿಟ್ಟಿನಷ್ಟು ಶಾಖ. 40 ಲೀಟರಿನ, 5 ಸೆಂಟಿಮೀಟರ್ ದಪ್ಪ ಗೋಡೆಯ ಪೆಟ್ಟಿಗೆಯೊಳಗೆ ನಮ್ಮ ಸೆಕೆಯಲ್ಲಿ ದಿನಕ್ಕೆ ನುಗ್ಗುವ ಶಾಖ ಸುಮಾರು ಅರ್ಧ ಯೂನಿಟ್. ಹಾಗಾದರೆ ದಿನಕ್ಕೆ 5 ಕಿಲೋ ಐಸು ಕರಗುತ್ತದೆ, ಮುಚ್ಚಳವನ್ನು ಪದೇ ಪದೇ ತೆರೆದರೆ ಇನ್ನೂ ಒಂದೆರಡು ಕಿಲೋ. 10 ಕಿಲೋದ ಒಂದು ಗಡ್ಡೆ ಶನಿವಾರ, ಭಾನುವಾರಗಳ ಪ್ರವಾಸವನ್ನು ಮುಗಿಸಿಕೊಡುತ್ತದೆ.

ಬಂದರಿನ ಸುತ್ತ ಐಸ್ ಪ್ಲಾಂಟುಗಳಿರುವುದರಿಂದ ದೊಡ್ಡ ಗಡ್ಡೆ ಸಿಗುವುದು ಕಷ್ಟವಲ್ಲ. ಪುಡಿ ಐಸಿಗಿಂತ ಗಡ್ಡೆ ನಿಧಾನವಾಗಿ ಕರಗುತ್ತದೆ. ಪುಡಿ ಬೇಗ ತಣ್ಣಗಾಗಿಸುತ್ತದೆ. ಕೆಳಗೆ ಗಡ್ಡೆ, ಮೀನಿನ ಸುತ್ತ ಪುಡಿ, ಇದು ಸರಿಯಾದ ಕ್ರಮ. ಈ ಐಸು ಮೀನಿಗಾಗಿ ಮಾಡಿದ್ದು, ಕುಡಿಯಲು ಅಲ್ಲ. ಶರಬತ್ತಿಗೆ ಹಾಕಬೇಡಿ.

ಪೆಟ್ಟಿಗೆ ಆರಿಸುವಾಗ ಥರ್ಮಾಕೋಲೇ ಸಾಕೇ, ಪ್ಲಾಸ್ಟಿಕ್ಕಿನದು ಬೇಕೇ ಎಂಬ ಪ್ರಶ್ನೆ ಬರುತ್ತದೆ. ಶಾಖ ತಡೆಯುವುದರಲ್ಲಿ ದಪ್ಪ ಥರ್ಮಾಕೋಲ್ ಕಳಪೆಯಲ್ಲ. ಅದರ ಸೋಲು ಬೇರೆ ಕಡೆ: ಮೂಲೆ ಮುರಿಯುತ್ತದೆ, ಮೀನಿನ ವಾಸನೆ ಹಿಡಿದರೆ ಬಿಡುವುದಿಲ್ಲ, ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ಅಚ್ಚಿನಲ್ಲಿ ತಿರುಗಿಸಿ ಎರಕ ಹೊಯ್ದ ದಪ್ಪ ಪಾಲಿಥಿನ್ ಪೆಟ್ಟಿಗೆಯ ಗೋಡೆಯೊಳಗೆ ಪಾಲಿಯುರೆಥೇನ್ ನೊರೆ ತುಂಬಿರುತ್ತದೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುತ್ತದೆ, ಅದರ ಮೇಲೆ ಕುಳಿತು ಊಟ ಮಾಡಬಹುದು. ಬೆಲೆ ಹಲವು ಪಟ್ಟು ಹೆಚ್ಚು. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಹೊರಡುವವರಿಗೆ ಥರ್ಮಾಕೋಲ್ ಪೆಟ್ಟಿಗೆಯ ಸುತ್ತ ಒಂದು ಪ್ಲೈವುಡ್ ಕವಚ ಮಾಡಿಸಿದರೆ ಧಾರಾಳವಾಯಿತು.

ಬಿಸಿಲಿನಲ್ಲಿ ನಿಂತ ವ್ಯಾನಿನೊಳಗೆ ಕಾದ ಪೆಟ್ಟಿಗೆಗೆ ನೇರವಾಗಿ ಐಸು ತುಂಬಿದರೆ ಮೊದಲ ಒಂದೆರಡು ಕಿಲೋ ಪೆಟ್ಟಿಗೆಯನ್ನು ತಣಿಸುವುದಕ್ಕೇ ಮುಗಿಯುತ್ತದೆ. ಹಿಂದಿನ ರಾತ್ರಿ ಮನೆಯೊಳಗೆ ಒಂದೆರಡು ಬಾಟಲಿ ಹೆಪ್ಪುಗಟ್ಟಿದ ನೀರು ಹಾಕಿಟ್ಟು ಆಮೇಲೆ ತುಂಬಿ. ಈ ಪೆಟ್ಟಿಗೆಯ ಮಿತಿಯೂ ಸ್ಪಷ್ಟ. ರಾಣಿಪುರಂ ಬುಡಕ್ಕೋ ಬಂದಡ್ಕದ ಆಚೆಗೋ ಹೋಗಿ ವಾರ ಕೂತರೆ ಮೂರನೆಯ ದಿನ ಐಸಿಗಾಗಿ ಇಳಿದು ಬರಬೇಕು.

ಬೆಚ್ಚಗೂ ಮಾಡುತ್ತದೆ ಎಂಬ ಪೆಟ್ಟಿಗೆ

ಆನ್‌ಲೈನಿನಲ್ಲಿ ಕಾರ್ ಫ್ರಿಜ್ ಎಂದು ಹುಡುಕಿದರೆ ಮೊದಲು ಕಾಣಿಸುವುದು 5,000ದಿಂದ 10,000 ರೂಪಾಯಿಯೊಳಗಿನ, ಮುದ್ದಾಗಿ ಕಾಣುವ ಹಗುರ ಪೆಟ್ಟಿಗೆಗಳು. ಇವುಗಳಲ್ಲಿ ಕಂಪ್ರೆಸರ್ ಇಲ್ಲ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಗುರುತಿಸಿದ ಒಂದು ಪರಿಣಾಮದ ಮೇಲೆ ಇವು ಕೆಲಸ ಮಾಡುತ್ತವೆ. ಎರಡು ಬಗೆಯ ವಸ್ತುಗಳು ಸೇರುವಲ್ಲಿ ವಿದ್ಯುತ್ ಹರಿದರೆ ಒಂದು ಬದಿ ತಣ್ಣಗಾಗುತ್ತದೆ, ಇನ್ನೊಂದು ಬದಿ ಬಿಸಿಯಾಗುತ್ತದೆ. ತಂತಿ ಅದಲು ಬದಲು ಮಾಡಿದರೆ ತಂಪಿನ ಬದಿಯೇ ಬಿಸಿ. ಆದ್ದರಿಂದಲೇ ತಂಪು ಮತ್ತು ಬಿಸಿ ಎರಡೂ ಎಂದು ಬರೆದಿದ್ದರೆ, 20 ಲೀಟರಿನ ಪೆಟ್ಟಿಗೆಯ ತೂಕ 4–5 ಕಿಲೋ ಮಾತ್ರವಿದ್ದರೆ ಅದು ಪೆಲ್ಟಿಯರ್ ಎಂದು ತಿಳಿಯಿರಿ. ಸಣ್ಣ ಕಂಪ್ರೆಸರ್ ಫ್ರಿಜ್ ಕೂಡ ಹೆಚ್ಚುಕಡಿಮೆ 10 ಕಿಲೋ ತೂಗುತ್ತದೆ.

ತೊಂದರೆ ಇರುವುದು ಸಣ್ಣ ಅಕ್ಷರದ ಸಾಲಿನಲ್ಲಿ. ಹೊರಗಿನ ಉಷ್ಣತೆಗಿಂತ 15–20 ಡಿಗ್ರಿ ಕಡಿಮೆ ಎಂದು ಅಲ್ಲಿ ಬರೆದಿರುತ್ತದೆ. ಊಟಿಯಲ್ಲಿ ಇದು ಫ್ರಿಜ್. ಏಪ್ರಿಲಿನಲ್ಲಿ ಉಪ್ಪಳದ ಹೆದ್ದಾರಿ ಬದಿ ನಿಂತ ವ್ಯಾನಿನೊಳಗೆ 40 ಡಿಗ್ರಿ ಇದ್ದಾಗ ಇದು 20 ಡಿಗ್ರಿಯ ಪೆಟ್ಟಿಗೆ. ಹಾಲು ಒಡೆಯಲು ಹೇಳಿ ಮಾಡಿಸಿದ ಉಷ್ಣತೆ ಅದು.

ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ತಂಪು ತಲುಪಿದಾಗ ಯಂತ್ರವನ್ನು ತಾನೇ ನಿಲ್ಲಿಸುವ ಥರ್ಮೋಸ್ಟಾಟ್ ಇರುವುದು ಅಪರೂಪ, ಬೇಕಾದ ತಂಪು ಎಂದೂ ತಲುಪದ ಕಾರಣ ಇದ್ದರೂ ಪ್ರಯೋಜನವಿಲ್ಲ. 48 ವಾಟಿನ ಪೆಟ್ಟಿಗೆ ಇಪ್ಪತ್ತನಾಲ್ಕು ಗಂಟೆಯೂ 48 ವಾಟ್ ಎಳೆಯುತ್ತದೆ. ಅಂದರೆ ದಿನಕ್ಕೆ 1.15 ಯೂನಿಟ್. 40 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ ಎಳೆಯುವುದೂ ಸುಮಾರು 45 ವಾಟೇ. ಆದರೆ ಅದು ತಂಪು ತಲುಪಿ ನಿಲ್ಲುತ್ತದೆ, ದಿನದ ಸುಮಾರು ಶೇಕಡ 40 ಹೊತ್ತು ಮಾತ್ರ ಓಡುತ್ತದೆ ಎಂದು ಹಿಡಿದರೆ 0.43 ಯೂನಿಟ್.

ಈಗ ಹಣದ ಲೆಕ್ಕಕ್ಕೆ ಬನ್ನಿ. ಪೆಲ್ಟಿಯರ್ ಪೆಟ್ಟಿಗೆ 8,000 ರೂಪಾಯಿ ಎನ್ನಿ. ಬಿಸಿಲಿಲ್ಲದ ಒಂದು ದಿನ ಅದನ್ನು ಓಡಿಸಲು ಸುಮಾರು ಒಂದೂಕಾಲು ಯೂನಿಟ್ ಹಿಡಿಯುವ 100 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಪೂರ್ತಿ ಬೇಕು, ಅದಕ್ಕೆ ಸುಮಾರು 30,000. ಆ ಬ್ಯಾಟರಿಯನ್ನು ದಿನವೂ ತುಂಬಲು 300 ವಾಟಿನ ಸೌರಫಲಕ ಬೇಕು. ಕಂಪ್ರೆಸರ್ ಫ್ರಿಜ್ಜಿಗೆ 28,000 ಕೊಟ್ಟರೂ 50 ಆಂಪಿಯರ್-ಅವರ್ ಬ್ಯಾಟರಿ, 120 ವಾಟಿನ ಫಲಕದಲ್ಲಿ ಕೆಲಸ ನಡೆಯುತ್ತದೆ. ಕೂಡಿಸಿ ನೋಡಿದರೆ ಖರ್ಚು ಹತ್ತಿರ ಹತ್ತಿರ ಸಮ. ಒಂದರಲ್ಲಿ ಮೀನು ಹೆಪ್ಪುಗಟ್ಟುತ್ತದೆ, ಇನ್ನೊಂದರಲ್ಲಿ ನೀರು ಕೂಡ ಸರಿಯಾಗಿ ತಣ್ಣಗಾಗುವುದಿಲ್ಲ. ವ್ಯಾನ್ ಓಡುತ್ತಿರುವಾಗ ಮಾತ್ರ ನೀರಿನ ಬಾಟಲಿ, ಹೂವು, ಚಾಕಲೇಟು ಇಟ್ಟುಕೊಳ್ಳುವವರಿಗೆ ಪೆಲ್ಟಿಯರ್ ಸರಿ. ವ್ಯಾನಿನಲ್ಲಿ ವಾಸಕ್ಕೆ ಬೇಡ.

ಗ್ಯಾಸಿನಲ್ಲಿ ಓಡುವುದು

ಯುರೋಪಿನ ಹಳೆಯ ಕ್ಯಾಂಪರ್‌ಗಳಲ್ಲಿ ಕಾಣುವ, ಗ್ಯಾಸ್, 12 ವೋಲ್ಟ್, ಮನೆ ಕರೆಂಟು ಮೂರರಲ್ಲೂ ಓಡುವ ಫ್ರಿಜ್ಜನ್ನು ಕೆಲವರು ಆಸೆಯಿಂದ ತರಿಸಿಕೊಳ್ಳುತ್ತಾರೆ. ಅದರಲ್ಲಿ ಓಡುವ ಭಾಗವೇ ಇಲ್ಲ. ಅಮೋನಿಯ, ನೀರು, ಹೈಡ್ರೋಜನ್ ಸೇರಿ ಬರಿಯ ಶಾಖದಿಂದ ತಂಪು ಹುಟ್ಟಿಸುತ್ತವೆ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ಈ ಯಂತ್ರ ಜಾಣತನದಲ್ಲಿ ಬೆರಗು ಹುಟ್ಟಿಸುವಂತಹದು, ನಮ್ಮ ಉಪಯೋಗಕ್ಕೆ ಸಲ್ಲದ್ದು. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ಒಳಗಿನ ದ್ರವ ಹರಿಯುವುದಿಲ್ಲ. ಗುಡ್ಡದ ಇಳಿಜಾರಿನ ನಮ್ಮ ಊರುಗಳಲ್ಲಿ ಸಮತಟ್ಟು ಎಂದರೆ ಶಾಲೆಯ ಮೈದಾನ ಮಾತ್ರ. ಹೊರಗಿನ ಸೆಕೆ ಏರಿದಂತೆ ಅದರ ಶಕ್ತಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಲಗುವ ಗಾಡಿಯೊಳಗೆ ರಾತ್ರಿಯಿಡೀ ಉರಿಯುವ ಜ್ವಾಲೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡನ್ನು ಬಿಡಬಲ್ಲದು. ಈ ಮಾತನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಮನೆಯ ಸಣ್ಣ ಫ್ರಿಜ್, ಇನ್ವರ್ಟರ್ ಜೊತೆಗೆ

ಅಡುಗೆಯವರ ದೊಡ್ಡ ಗಾಡಿಯಲ್ಲಿ ಇದು ಯೋಚಿಸಬೇಕಾದ ದಾರಿ. ಮನೆಯ ಒಂದು ಬಾಗಿಲಿನ ಫ್ರಿಜ್ಜಿಗೆ ಅಂಟಿಸಿದ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಅದನ್ನು 365ರಿಂದ ಭಾಗಿಸಿ. ವರ್ಷಕ್ಕೆ 180 ಯೂನಿಟ್ ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್. 180 ಲೀಟರಿನ ಫ್ರಿಜ್ ತಿನ್ನುವುದು 40 ಲೀಟರಿನ ಕಾರ್ ಫ್ರಿಜ್ಜಿನಷ್ಟೇ ಎಂದರೆ ಹಲವರು ನಂಬುವುದಿಲ್ಲ, ಆದರೆ ಚೀಟಿ ಅದನ್ನೇ ಹೇಳುತ್ತದೆ.

ನುಂಗುವುದು ಇನ್ವರ್ಟರ್. ಏನೂ ಓಡದಿದ್ದಾಗಲೂ 1000 ವಾಟಿನ ಇನ್ವರ್ಟರ್ 10–15 ವಾಟನ್ನು ತನಗಾಗಿ ಎಳೆಯುತ್ತಿರುತ್ತದೆ. ದಿನಕ್ಕೆ 0.24ರಿಂದ 0.36 ಯೂನಿಟ್ ಅದರ ಪಾಲು. ಮೇಲೆ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಬೇಕು. ಆದ್ದರಿಂದ ಸಣ್ಣ ಇನ್ವರ್ಟರ್ ಸಾಲದು, ಅಗ್ಗದ ಚೌಕ ತರಂಗದ್ದಂತೂ ಬೇಡವೇ ಬೇಡ, ಮನೆ ಕರೆಂಟಿನಂತೆ ನಯವಾಗಿ ಏರಿಳಿಯುವ ಶುದ್ಧ ಸೈನ್ ತರಂಗದ್ದೇ ಆಗಬೇಕು. ಮನೆಯ ಫ್ರಿಜ್ಜಿನ ಕಂಪ್ರೆಸರ್ ಸ್ಪ್ರಿಂಗುಗಳ ಮೇಲೆ ಕೂತಿರುವುದು ಒಂದು ಮೂಲೆಯಲ್ಲಿ ಅಲುಗಾಡದೆ ಇರಲೆಂದು, ಹೆದ್ದಾರಿ ಕಾಮಗಾರಿಯ ಸರ್ವಿಸ್ ರಸ್ತೆಗೆ ಅಲ್ಲ. ಎದುರು ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿ ಕೆಳಗೆ ಸುರಿದು ಹೋಗುತ್ತದೆ, ತಿರುವಿನಲ್ಲಿ ಬಾಗಿಲೇ ತೆರೆದುಕೊಳ್ಳುತ್ತದೆ, ವಾಹನದಲ್ಲಿ ಬಳಸಿದರೆ ವಾರಂಟಿಯ ಮಾತೇ ಇಲ್ಲ. ಇಷ್ಟಾದರೂ, ಗಾಡಿ ಹೆಚ್ಚು ಹೊತ್ತು ಒಂದೇ ಕಡೆ ನಿಂತಿರುತ್ತದೆ, ಮದುವೆ ಮನೆಯವರ ಪ್ಲಗ್ಗು ಸಿಗುತ್ತದೆ ಎಂದಾದರೆ ಹಣಕ್ಕೆ ಇಷ್ಟು ಜಾಗ ಬೇರೆ ಯಾವುದೂ ಕೊಡುವುದಿಲ್ಲ.

ಹೋಟೆಲಿನ ಕೋಣೆಗಳಲ್ಲಿ ಇರುವಂತಹ 40–50 ಲೀಟರಿನ ಮಿನಿ ಬಾರ್‌ಗಳನ್ನು ಕೊಳ್ಳುವಾಗ ಎಚ್ಚರವಿರಲಿ. ಅವುಗಳಲ್ಲಿ ಹಲವು ಸದ್ದಿರಬಾರದೆಂದು ಪೆಲ್ಟಿಯರ್ ಅಥವಾ ಅಮೋನಿಯದ ಬಗೆಯವೇ ಆಗಿರುತ್ತವೆ.

12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಆರಿಸುವಾಗ

ಉಳಿದದ್ದು ಇದು, ಹೆಚ್ಚು ಮಾತು ಬೇಕಾದದ್ದೂ ಇದಕ್ಕೇ. 30–40 ಲೀಟರಿನ ಚೀನಾ ತಯಾರಿಕೆಯವು ಸುಮಾರು 20,000ದಿಂದ 35,000ದೊಳಗೆ ಸಿಗುತ್ತವೆ. ಹೆಸರಾಂತ ಯುರೋಪಿನ ಬ್ರಾಂಡುಗಳಿಗೆ ಅದರ ಎರಡು ಮೂರು ಪಟ್ಟು. ಡ್ಯಾನ್‌ಫಾಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಕಂಪ್ರೆಸರ್ ಈಗ ಸೆಕೋಪ್ ಹೆಸರಿನಲ್ಲಿ ಬರುತ್ತದೆ. ಅದು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫ್ರಿಜ್ ಕೆಟ್ಟದ್ದು ಎಂದಲ್ಲ. ಬೆಲೆಯ ವ್ಯತ್ಯಾಸವನ್ನು ಸಮರ್ಥಿಸುವುದು ಕಂಪ್ರೆಸರಿಗಿಂತ ಹೆಚ್ಚಾಗಿ ಗೋಡೆ, ಕೀಲು, ಹಿಡಿ ಮತ್ತು ಬಿಡಿಭಾಗ.

ಗೋಡೆಯ ದಪ್ಪವನ್ನು ಅಂಗಡಿಯವರು ಹೇಳುವುದಿಲ್ಲ, ನಾವೇ ಅಳೆಯಬೇಕು. ಹೊರಗಿನ ಅಗಲದಿಂದ ಒಳಗಿನ ಅಗಲ ಕಳೆದು ಎರಡರಿಂದ ಭಾಗಿಸಿದರೆ ಸಿಗುತ್ತದೆ. 3 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ನಮ್ಮ ಊರಿಗೆ ಬೇಡ, 5 ಇದ್ದರೆ ಸಂತೋಷ. ತೆಳು ಗೋಡೆಗೆ ಇಲ್ಲಿ ಎರಡು ಶಿಕ್ಷೆ ಇವೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಮತ್ತು ಮೇ ತಿಂಗಳ ತೇವದ ಗಾಳಿ ಪೆಟ್ಟಿಗೆಯ ಹೊರಮೈ ಮೇಲೆ ಹನಿಗಟ್ಟಿ ಕೆಳಗಿನ ಹಾಸಿಗೆ ಒದ್ದೆಯಾಗುತ್ತದೆ. ಒಣ ಹವೆಯ ಊರಿನವರು ಬರೆದ ವಿಮರ್ಶೆಗಳಲ್ಲಿ ಈ ಎರಡನೆಯ ತೊಂದರೆಯ ಸುದ್ದಿಯೇ ಇರುವುದಿಲ್ಲ.

ಹಿಂಬದಿಯ ಚೀಟಿಯಲ್ಲಿ ಹವಾಮಾನ ವರ್ಗ ಎಂದು ಒಂದು ಅಕ್ಷರ ಇರುತ್ತದೆ. ಎನ್ ಎಂದರೆ 32 ಡಿಗ್ರಿಯವರೆಗೆ, ಎಸ್‌ಟಿ ಎಂದರೆ 38ರವರೆಗೆ, ಟಿ ಎಂದರೆ 43ರವರೆಗೆ ಕೆಲಸ ಮಾಡಲು ತಯಾರಿಸಿದ್ದು. ಟಿ ಇರುವುದನ್ನೇ ಕೊಳ್ಳಿ. ಬ್ಲೂಟೂತ್, ಬಣ್ಣದ ದೀಪ, ಯುಎಸ್‌ಬಿ ಕಿಂಡಿ ಇವುಗಳಿಗೆ ಒಂದು ರೂಪಾಯಿ ಹೆಚ್ಚು ಕೊಡಬೇಡಿ.

ಎರಡು ಕೋಣೆಯ ಫ್ರಿಜ್ ಎಂಬ ಆಮಿಷವೂ ಇದೆ, ಒಂದರಲ್ಲಿ ಹಾಲು, ಒಂದರಲ್ಲಿ ಹೆಪ್ಪುಗಟ್ಟಿದ ಮೀನು. 60 ಲೀಟರಿಗಿಂತ ಕೆಳಗೆ ಇದು ವ್ಯರ್ಥ. ಕಂಪ್ರೆಸರಿನ ಉಬ್ಬು, ನಡುಗೋಡೆ ಎಲ್ಲ ಕಳೆದು ಎರಡು ಸಣ್ಣ ಗೂಡುಗಳಷ್ಟೇ ಉಳಿಯುತ್ತವೆ. ಮೈನಸ್ 18ಕ್ಕೆ ಇಳಿಸಿದರೆ ವಿದ್ಯುತ್ ಖರ್ಚೂ ಸುಮಾರು ದುಪ್ಪಟ್ಟಾಗುತ್ತದೆ. ಮೀನು ತಿನ್ನುವ ಮನೆಯವರಿಗೆ ನಾನು ಹೇಳುವುದು ಬೇರೆ: 30 ಲೀಟರಿನ ಸಾದಾ ಕಂಪ್ರೆಸರ್ ಫ್ರಿಜ್ ಹಾಲು, ಹಿಟ್ಟು, ತರಕಾರಿಗೆ, ಪಕ್ಕದಲ್ಲಿ ಒಂದು ಸಣ್ಣ ಥರ್ಮಾಕೋಲ್ ಪೆಟ್ಟಿಗೆ ಐಸು ಹಾಕಿ ಮೀನಿಗೆ. ವಾಸನೆಯ ಜಗಳವೂ ಇಲ್ಲ, ಮಡಿಯವರ ಮುನಿಸೂ ಇಲ್ಲ.

ಇಬ್ಬರಿಗೆ 30 ಲೀಟರ್ ಸಾಕು, ನಾಲ್ವರ ಸಂಸಾರಕ್ಕೆ 45. ಅಂಗಡಿಗೆ 1 ಲೀಟರಿನ ಬಾಟಲಿ ತೆಗೆದುಕೊಂಡು ಹೋಗಿ ಒಳಗೆ ನಿಲ್ಲಿಸಿ ನೋಡಿ, ಹಲವು ಪೆಟ್ಟಿಗೆಗಳ ಮುಚ್ಚಳ ಮುಚ್ಚುವುದಿಲ್ಲ.

ಉಪ್ಪುಗಾಳಿ ಇನ್ನೊಂದು ವಿಷಯ. ಕಣ್ವತೀರ್ಥದಲ್ಲೋ ಬೇಕಲದಲ್ಲೋ ಅಲೆಯ ಹತ್ತಿರ ಗಾಡಿ ನಿಲ್ಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಳಗಿನ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ಆ ಗಾಳಿ ತಿನ್ನುತ್ತದೆ. ಗಾಳಿ ಹೋಗುವ ಜಾಲರಿಯಿಂದ ಟಾರ್ಚ್ ಹಾಕಿ ನೋಡಿದರೆ ಲೇಪನ ಇದೆಯೇ, ಬರಿಯ ಲೋಹವೇ ಎಂದು ಗೊತ್ತಾಗುತ್ತದೆ. ಕಡಲ ಕರೆಯಿಂದ ಬಂದ ಮೇಲೆ ಒಣ ಬ್ರಶ್ಶಿನಿಂದ ಧೂಳು ತೆಗೆದು, ಒದ್ದೆ ಬಟ್ಟೆಯಲ್ಲಿ ಹೊರಮೈ ಒರಸಿದರೆ ಆಯುಸ್ಸು ಕೂಡುತ್ತದೆ. ಮಂಚದ ಕೆಳಗೆ ತುರುಕುವವರು ಜಾಲರಿಯ ಬದಿ ಒಂದು ಗೇಣು ಜಾಗ ಬಿಡಿ. ಹೊರಗೆ ಹಾಕಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುವ ಫ್ರಿಜ್ ಎಂದಿಗೂ ನಿಲ್ಲದೆ ಓಡುತ್ತದೆ.

ಬ್ಯಾಟರಿ, ತಂತಿ, ಮಳೆಗಾಲ

ಫ್ರಿಜ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ದೊಡ್ಡ ಪಾಲು ತಂತಿಯದ್ದು. ಮನೆಯ ದೀಪಕ್ಕೆ ಎಳೆಯುವ 1.5 ಚದರ ಮಿಲಿಮೀಟರ್ ತಂತಿಯನ್ನೇ ವ್ಯಾನಿಗೂ ಹಾಕುತ್ತಾರೆ. ಬ್ಯಾಟರಿಯಿಂದ ಫ್ರಿಜ್ಜಿಗೆ 5 ಮೀಟರ್ ದೂರ ಇದ್ದರೆ ಹೋಗಿ ಬರುವ ತಂತಿ 10 ಮೀಟರ್, 5 ಆಂಪಿಯರ್ ಹರಿಯುವಾಗ 0.6 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.1 ಇದ್ದರೂ ಫ್ರಿಜ್ಜಿಗೆ ಕಾಣುವುದು 11.5. ಬ್ಯಾಟರಿ ಖಾಲಿಯಾಯಿತೆಂದು ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. 6 ಚದರ ಮಿಲಿಮೀಟರ್ ತಂತಿಯಲ್ಲಿ ಈ ನಷ್ಟ 0.15 ವೋಲ್ಟಿನಷ್ಟಕ್ಕೆ ಇಳಿಯುತ್ತದೆ. ಸಿಗರೇಟ್ ಲೈಟರ್ ಕಿಂಡಿಯ ಪ್ಲಗ್ಗು ಗುಂಡಿಬಿದ್ದ ರಸ್ತೆಯಲ್ಲಿ ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಗಟ್ಟಿಯಾಗಿ ಕಚ್ಚುವ ಆಂಡರ್ಸನ್ ಮಾದರಿಯ ಕನೆಕ್ಟರ್ ಹಾಕಿಸಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ಬ್ಯಾಟರಿ ಎಷ್ಟು ಇಳಿದಾಗ ತಾನು ಆರಬೇಕು ಎಂಬುದಕ್ಕೆ ಫ್ರಿಜ್ಜಿನಲ್ಲಿ ಬ್ಯಾಟರಿ ರಕ್ಷಣೆಯ ಮೂರು ಹಂತಗಳಿರುತ್ತವೆ. ಗಾಡಿಯ ಸ್ವಂತ ಬ್ಯಾಟರಿಗೆ ಜೋಡಿಸಿದ್ದರೆ ಅತಿ ಮೇಲಿನ ಹಂತದಲ್ಲಿಡಿ, ಇಲ್ಲದಿದ್ದರೆ ಬೆಳಗ್ಗೆ ಗಾಡಿ ಹೊರಡುವುದಿಲ್ಲ. ಪ್ರತ್ಯೇಕ ಲಿಥಿಯಂ ಬ್ಯಾಟರಿಯಾದರೆ ಕೆಳಗಿನ ಹಂತ ಸಾಕು, ಅದರೊಳಗೇ ಕಾವಲು ಸರ್ಕ್ಯೂಟ್ ಇರುತ್ತದೆ. ಇನ್ವರ್ಟರಿನ ಹಳೆಯ ಟ್ಯೂಬ್ಯುಲರ್ ಬ್ಯಾಟರಿ ಮನೆಯಲ್ಲಿ ಇದ್ದವರು ಅದನ್ನೇ ಬಳಸಲು ಬಯಸುತ್ತಾರೆ. 150 ಆಂಪಿಯರ್-ಅವರ್ ಎಂದಿದ್ದರೂ ಅರ್ಧ ಮಾತ್ರ ಬಳಸಬೇಕು, ತೂಕ 50 ಕಿಲೋ ದಾಟುತ್ತದೆ, ಆಸಿಡ್ಡಿನ ಹಬೆ ಮಲಗುವ ಜಾಗಕ್ಕೆ ಬರುತ್ತದೆ. ಬೇಡ ಎನ್ನುತ್ತೇನೆ.

100 ವಾಟಿನ ಸೌರಫಲಕ ಫೆಬ್ರುವರಿಯ ಬಿಸಿಲಿನಲ್ಲಿ ದಿನಕ್ಕೆ 0.4 ಯೂನಿಟ್ ಕೊಟ್ಟೀತು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನು ನಂಬಿ ಕೂರಲಾಗದು, ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆಯ ಬಹುಪಾಲು ಆ ನಾಲ್ಕು ತಿಂಗಳಲ್ಲೇ. ಆ ದಿನಗಳಿಗೆ ಎಂಜಿನ್ನಿನಿಂದ ಚಾರ್ಜ್ ಮಾಡುವ ಡಿಸಿ ಚಾರ್ಜರ್ ಬೇಕು. 20 ಆಂಪಿಯರಿನದ್ದಾದರೆ ಮೂರು ಗಂಟೆಯ ಪ್ರಯಾಣದಲ್ಲಿ 0.75 ಯೂನಿಟ್ ತುಂಬುತ್ತದೆ, ಫ್ರಿಜ್ಜಿನ ಒಂದೂವರೆ ದಿನದ ಊಟ ಅದು.

ಬೆಲ್ಟಿನಿಂದ ಕಟ್ಟಿದ ಫ್ರಿಜ್ ಸಾಮಾನಿನ ಲೆಕ್ಕಕ್ಕೆ ಬರುತ್ತದೆ. ಆದರೆ ಸೀಟು ಕೀಳುವುದು, ಮಾಡಿನ ಮೇಲೆ ಚೌಕಟ್ಟು ಬೆಸೆಯುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಡಿ ಮಾರ್ಪಾಡು ಎನಿಸಬಹುದು. ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ. ಮೊದಲೇ ವಿಚಾರಿಸಿ ಮುಂದುವರಿಯಿರಿ.

ಕೆಟ್ಟರೆ ಯಾರು

ಗಡಿನಾಡಿನವರಿಗೆ ಮಾತ್ರ ಗೊತ್ತಿರುವ ಒಂದು ಗೋಳು ಇದು. ಕಂಪನಿಗಳು ಸರ್ವಿಸ್ ವಲಯವನ್ನು ರಾಜ್ಯದ ಲೆಕ್ಕದಲ್ಲಿ ಹಂಚುತ್ತವೆ. ಮಂಜೇಶ್ವರದಿಂದ ಮಂಗಳೂರು ಕೂಗಳತೆಯಲ್ಲಿದ್ದರೂ ದೂರು ಹೋಗುವುದು ಕಣ್ಣೂರಿಗೋ ಕೊಚ್ಚಿಗೋ. ಕೊಳ್ಳುವ ಮೊದಲು 671ರಿಂದ ಆರಂಭವಾಗುವ ನಿಮ್ಮ ಪಿನ್ ಕೋಡ್ ಕೊಟ್ಟು, ದುರಸ್ತಿ ಎಲ್ಲಿ, ಸಾಗಣೆಯ ಖರ್ಚು ಯಾರದ್ದು ಎಂದು ಬರಹದಲ್ಲಿ ಕೇಳಿ. ಮಂಗಳೂರಿನ ಅಂಗಡಿಯಲ್ಲೇ ಕೊಂಡು ಅಲ್ಲಿಯ ಬಿಲ್ಲು ಇಟ್ಟುಕೊಳ್ಳುವುದು ಹಲವರು ಕಂಡುಕೊಂಡ ಉಪಾಯ.

ಕಂಪನಿಯ ಹೊರಗಿನ ದುರಸ್ತಿಗೆ ಒಳಗಿನ ಗ್ಯಾಸ್ ಯಾವುದು ಎಂಬುದು ಮುಖ್ಯ. ಆರ್134ಎ ಕಾರಿನ ಎಸಿಯಲ್ಲೂ ಇರುವುದರಿಂದ ಕಾರ್ ಎಸಿ ಮೆಕ್ಯಾನಿಕ್ ಬಳಿ ಸಿಗುತ್ತದೆ. ಆರ್600ಎ ಹೊಸ ಮನೆ ಫ್ರಿಜ್ಜುಗಳಲ್ಲಿರುವ ಐಸೋಬ್ಯುಟೇನ್, ಪರಿಸರಕ್ಕೆ ಹಿತವಾದದ್ದು, ಆದರೆ ಹೊತ್ತಿಕೊಳ್ಳುವಂತಹದು. ಫ್ರಿಜ್ ಮೆಕ್ಯಾನಿಕ್ಕೇ ಮುಟ್ಟಬೇಕು. ಈ ಪುಟ್ಟ ಯಂತ್ರಗಳಿಗೆ ಹಿಡಿಯುವ ಗ್ಯಾಸ್ ಹತ್ತಾರು ಗ್ರಾಂ ಮಾತ್ರ. ತಕ್ಕಡಿಯಲ್ಲಿ ತೂಗದೆ ಅಂದಾಜಿನಲ್ಲಿ ತುಂಬುವವರ ಕೈಗೆ ಕೊಡಬೇಡಿ. ಕಂಪ್ರೆಸರಿಗಿಂತ ಮೊದಲು ಸಾಯುವುದು ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು. ಅದು ಬಿಡಿಯಾಗಿ ಸಿಗುತ್ತದೆಯೇ ಎಂಬ ಒಂದು ಪ್ರಶ್ನೆ ಮೂರು ವರ್ಷದ ವಾರಂಟಿ ಕಾರ್ಡಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಹೊಸದು ಬಂದ ಮೇಲೆ ಹಿಂದಿರುಗಿಸುವ ಅವಧಿಯೊಳಗೆ ಒಂದು ಪರೀಕ್ಷೆ ಮಾಡಿ. ಅರ್ಧದಷ್ಟು ನೀರಿನ ಬಾಟಲಿ ತುಂಬಿ, ಒಳಗೆ ಬೇರೆ ಥರ್ಮಾಮೀಟರ್ ಇಟ್ಟು, ನಡುವೆ ಒಂದು ಸಣ್ಣ ಡಿಸಿ ವಾಟ್ ಮೀಟರ್ ಜೋಡಿಸಿ, ಸೆಕೆಯ ದಿನದಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿಸಿ. ಪರದೆಯಲ್ಲಿ 4 ಎಂದು ತೋರಿಸಿ ಬಾಟಲಿಯ ನೀರು 9ರಲ್ಲಿದ್ದರೆ, ಅಥವಾ ಬಾಟಲಿಗಳು ತಣ್ಣಗಾದ ಮೇಲೂ ದಿನಕ್ಕೆ ಮೀಟರ್ 0.7 ಯೂನಿಟ್ ದಾಟಿದರೆ ವಾಪಸ್ ಕಳುಹಿಸಿ. ಹಳೆಯದನ್ನು ಕೊಳ್ಳುವವರೂ ಇದೇ ಪರೀಕ್ಷೆ ಮಾಡಲಿ. ಮಾರುವವರು ಮೊದಲೇ ತಣ್ಣಗಾಗಿಸಿ ಇಟ್ಟಿದ್ದರೆ ಅನುಮಾನಿಸಿ, ಕೋಣೆಯ ಉಷ್ಣತೆಯಿಂದಲೇ ಶುರು ಮಾಡಿಸಿ.

ಆಟಿಯ ಮಳೆಗೆ ವ್ಯಾನ್ ಶೆಡ್ಡಿನೊಳಗೆ ನಿಲ್ಲುವುದಾದರೆ ಫ್ರಿಜ್ಜನ್ನು ಒಣಗಿಸಿ ಒರಸಿ, ಮುಚ್ಚಳದ ಕೆಳಗೆ ಒಂದು ಮರದ ತುಂಡು ಸಿಕ್ಕಿಸಿ ಇಡಿ, ಮುಚ್ಚಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ. ಗಾಳಿ ಹೋಗುವ ಜಾಲರಿಗೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ, ಮಳೆಗೆ ಒಳಸೇರುವ ಇಲಿಗಳು ಮೊದಲು ಕಡಿಯುವುದು ಫ್ಯಾನಿನ ವಯರನ್ನೇ. ಮತ್ತೆ ಹೊರಡುವ ಮೊದಲು ಆ ಬಲೆಯನ್ನು ಬಿಚ್ಚಿ.